ಫ್ಯಾನಿಗೆ ಎಣ್ಣೆ ಬಿಡುವ ಮೊದಲು

ಚಿಕ್ಕಪ್ಪ: (ಬಂದ ವಿಡಿಯೊ ಹಂಚಿಕೊಂಡಿದ್ದಾರೆ) ‘ಕಂಪ್ಯೂಟರ್ ಫ್ಯಾನಿನ ಸದ್ದು ಒಂದೇ ನಿಮಿಷದಲ್ಲಿ ಮಾಯ. ಎರಡು ಹನಿ ಅಡುಗೆ ಎಣ್ಣೆ ಸಾಕು.’ ಮಗಳೇ, ನಿನ್ನ ಹಳೆಯ ಕಂಪ್ಯೂಟರಿಗೂ ಇದನ್ನೇ ಮಾಡು.

ತಂಗಿ: ಇವತ್ತೇ ಮಾಡುತ್ತೇನೆ. ಯಾರೋ ಬಳಸಿದ್ದನ್ನು ಕೊಂಡ ದಿನದಿಂದ ಗಿರಣಿಯ ಪಕ್ಕದಲ್ಲಿ ಕೂತು ಓದಿದಂತಾಗಿದೆ.

ನಾನು: ದಯವಿಟ್ಟು ಬೇಡ. ಅಡುಗೆ ಎಣ್ಣೆ ಬರಬರುತ್ತಾ ಅಂಟಾಗುತ್ತದೆ, ಧೂಳು ಅದಕ್ಕೇ ಮೆತ್ತಿಕೊಳ್ಳುತ್ತದೆ. ಆಮೇಲೆ ಫ್ಯಾನ್ ತಿರುಗುವುದೇ ಕಷ್ಟ.

ಚಿಕ್ಕಪ್ಪ: ನಮ್ಮ ಟೇಬಲ್ ಫ್ಯಾನಿಗೆ ಎಷ್ಟೋ ವರ್ಷ ನಾನೇ ಎಣ್ಣೆ ಬಿಟ್ಟಿದ್ದೇನೆ. ಏನೂ ಆಗಲಿಲ್ಲ.

ನಾನು: ನಿಮ್ಮ ಕೈಗುಣದ ಬಗ್ಗೆ ನನಗೆ ಸಂದೇಹವಿಲ್ಲ, ಚಿಕ್ಕಪ್ಪ. ಆದರೆ ಯಾವ ಫ್ಯಾನ್, ಯಾವ ಸದ್ದು ಎಂದು ಗೊತ್ತಾಗುವ ಮೊದಲೇ ಮದ್ದು ಹೇಗೆ? ಒಳಗೆ ಪ್ರೊಸೆಸರ್ ಮೇಲೊಂದು, ಡಬ್ಬಿಯ ಹಿಂಬದಿಗೊಂದು, ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಪವರ್ ಸಪ್ಲೈ ಒಳಗೊಂದು ಫ್ಯಾನ್ ಇರುತ್ತದೆ.

ಭಾವ: ಇಷ್ಟೆಲ್ಲ ಏಕೆ? ಬಯಾಸ್‌ಗೆ, ಅಂದರೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿಗೆ ಹೋಗಿ ಫ್ಯಾನಿನ ವೇಗ ಇಳಿಸಿದರೆ ಮುಗಿಯಿತು.

ನಾನು: ಅದು ಅಳುವ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಂತೆ, ಭಾವ. ಬಿಸಿ ಏರಿದ್ದಕ್ಕೇ ಫ್ಯಾನ್ ಓಡುತ್ತಿದ್ದರೆ, ಅದನ್ನು ತಡೆದಾಗ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ. ಬಿಸಿ ಮಿತಿ ಮೀರಿದರೆ ಯಂತ್ರ ತಟ್ಟನೆ ಆರುತ್ತದೆ. ತಂಗಿ, ಸದ್ದು ಹೇಗಿದೆ, ಯಾವಾಗ ಬರುತ್ತದೆ?

ತಂಗಿ: ಬೆಳಿಗ್ಗೆ ಹಚ್ಚಿದ ಕೂಡಲೇ ಎರಡು ನಿಮಿಷ ಕರಕರ. ಆಮೇಲೆ ಸುಮ್ಮನಾಗುತ್ತದೆ. ವಿಡಿಯೊ ನೋಡುತ್ತಾ ಕೂತರೆ ಭೋರ್ ಎಂದು ಏರುತ್ತದೆ.

ನಾನು: ಹಾಗಾದರೆ ಅವು ಎರಡು ಬೇರೆ ಬೇರೆ ತೊಂದರೆಗಳು. ಭೋರ್ ಎನ್ನುವುದು ಬಿಸಿಯ ಸದ್ದು. ಕರಕರ ಎನ್ನುವುದು ಬಹುಶಃ ಒಣಗಿದ ಬೇರಿಂಗಿನದು, ಅಂದರೆ ಫ್ಯಾನಿನ ಅಚ್ಚು ತಿರುಗುವ ಭಾಗದ್ದು. ಮೊದಲು ಬಿಸಿಯನ್ನು ನೋಡೋಣ. ಪ್ಲಗ್ ಕಿತ್ತು ಪಕ್ಕದ ಮುಚ್ಚಳ ತೆಗೆ. ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ಸಂದಿ ನೋಡು. ಧೂಳಿದ್ದರೆ ಗಾಳಿ ಊದಿ ತೆಗೆ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೋ, ಇಲ್ಲದಿದ್ದರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ಪವರ್ ಸಪ್ಲೈ ಮಾತ್ರ ಬಿಚ್ಚಲೇಬೇಡ. ಪ್ಲಗ್ ಕಿತ್ತ ಮೇಲೂ ವಿದ್ಯುತ್ ಕೂಡಿಟ್ಟುಕೊಳ್ಳುವ ಅದರ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ.

ತಂಗಿ: ತೆಗೆದೆ. ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಧೂಳು! ಫ್ಯಾನಿನ ಕೆಳಗೆ ಇಷ್ಟೊಂದು ಇರುತ್ತದೆ ಎಂದು ಹೊರಗಿನಿಂದ ತಿಳಿಯುವುದೇ ಇಲ್ಲ.

ನಾನು: ಗಾಳಿ ಹೋಗಲು ದಾರಿಯೇ ಇರಲಿಲ್ಲ. ಶುಚಿ ಮಾಡಿದ ಮೇಲೂ ಭೋರ್ ನಿಲ್ಲದಿದ್ದರೆ ಮಾತ್ರ ಆ ಲೋಹದ ರೆಕ್ಕೆ, ಫ್ಯಾನ್ ಸೇರಿದ ಕೂಲರ್ ಬಿಚ್ಚಿ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರ್‌ನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ, ಬದಲಿಸೋಣ. ವರ್ಷಗಳಾದರೆ ಅದೂ ಒಣಗುತ್ತದೆ.

ತಂಗಿ: (ಒಂದು ಗಂಟೆಯ ಬಳಿಕ) ವಿಡಿಯೊ ಓಡುತ್ತಿದೆ, ಭೋರ್ ಇಲ್ಲ. ಆದರೆ ಹಚ್ಚಿದಾಗ ಕರಕರ ಹಾಗೆಯೇ ಬಂತು. ಕಾಗದ ಸುರುಳಿ ಸುತ್ತಿ ಕಿವಿಗೆ ಹಿಡಿದು, ತಿರುಗುವ ಫ್ಯಾನಿನ ರೆಕ್ಕೆಗಳಿಂದ ದೂರವೇ ನಿಂತು ಕೇಳಿದೆ: ಹಿಂಬದಿಯ ಫ್ಯಾನಿನದು.

ಚಿಕ್ಕಪ್ಪ: ಅದಕ್ಕಾದರೂ ಎಣ್ಣೆ ಬಿಡಬಹುದೇ?

ನಾನು: ಬಿಡಬಹುದು, ಚಿಕ್ಕಪ್ಪ, ಅಲ್ಲಿ ನಿಮ್ಮ ಮಾತು ಸರಿ. ಗುಂಡುಗಳಿಲ್ಲದೆ ಬರೀ ಕೊಳವೆಯೊಳಗೆ ಅಚ್ಚು ತಿರುಗುವ ಸ್ಲೀವ್ ಬೇರಿಂಗ್ ಆಗಿದ್ದರೆ ನಡುವಿನ ಸ್ಟಿಕರ್ ಎತ್ತಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಕೆಲವು ತಿಂಗಳು ನಡೆದೀತು. ಹೊಸದು ಹಾಕುವುದಾದರೆ ತಂಗಿ ಎರಡು ಸಂಗತಿ ನೋಡಲಿ: ಅಗಲ 80, 92, 120 ಮಿಲಿಮೀಟರ್‌ಗಳಲ್ಲಿ ಯಾವುದು, ತಂತಿ ಮೂರೋ ನಾಲ್ಕೋ.

ತಂಗಿ: 92. ತಂತಿ ನಾಲ್ಕು. ಹೊಸದನ್ನೇ ತರಿಸುತ್ತೇನೆ.

ಚಿಕ್ಕಪ್ಪ: ಅದು ಬರುವವರೆಗೆ ನನ್ನ ಹೊಲಿಗೆ ಯಂತ್ರದ ಎಣ್ಣೆ ಕಳುಹಿಸುತ್ತೇನೆ. ವಿಡಿಯೊವನ್ನು ಅಳಿಸಿದ್ದೇನೆ.