133 ಬಂದಿದೆ, 135 ಬೇಕು: ಮತ್ತೆ ಪರೀಕ್ಷೆ ಬರೆಯಲಾ, ಜಿಎನ್‌ಎಂ ಸೇರಲಾ?

ಕೇಳಿದವರು: ಜೇವರ್ಗಿ ಕಡೆಯ ಹುಡುಗಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಸೆಕೆಂಡ್ ಪಿಯುಸಿ ಮೊದಲ ಪರೀಕ್ಷೆಯ ರಿಸಲ್ಟ್ ಬಂತು. ಫಿಸಿಕ್ಸ್ 44, ಕೆಮಿಸ್ಟ್ರಿ 43, ಬಯಾಲಜಿ 46. ಪಾಸಾಗಿದ್ದೇನೆ, ಇಂಗ್ಲಿಷೂ ಪಾಸು. ಆದರೆ ಬಿಎಸ್ಸಿ ನರ್ಸಿಂಗ್‌ಗೆ ಈ ಮೂರೂ ಸೇರಿ ಶೇ 45 ಬೇಕು, 300ಕ್ಕೆ 135. ನನ್ನದು 133. ನಮ್ಮದು ಜನರಲ್, ಹಾಗಾಗಿ ರಿಯಾಯಿತಿ ಇಲ್ಲ.

ಎರಡನೇ ಪರೀಕ್ಷೆಗೆ ಫಾರ್ಮ್ ತುಂಬೋಣ ಅಂದರೆ ಅಪ್ಪ ಬೇಡ ಅಂತಾರೆ. "ಕಡಿಮೆ ಬಂದರೆ ಇದ್ದದ್ದೂ ಹೋಗುತ್ತೆ, ಒಂದು ವರ್ಷ ಮನೆಯಲ್ಲಿ ಕೂತು ಚೆನ್ನಾಗಿ ಓದಿ ಬರೆ" ಅನ್ನೋದು ಅವರ ಮಾತು. ಮಾವ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸೇರಿಸಿಬಿಡೋಣ ಅಂತಾರೆ. ಪಾಸಾದ ಮೇಲೂ ಮತ್ತೆ ಬರೆದವರು ಯಾರಾದರೂ ಇದ್ದರೆ ಹೇಳಿ.

ಕಲಬುರಗಿ, ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ

ತಂಗಿ, ನಾನು ಬರೆದಿದ್ದೇನೆ. 2024ರಲ್ಲಿ. ವರ್ಷಕ್ಕೆ ಮೂರು ಪರೀಕ್ಷೆ ಶುರುವಾದದ್ದು ಅದೇ ವರ್ಷ. ಪಾಸಾದವರೂ ಬರೆಯಬಹುದು, ಬೇಕಾದ ವಿಷಯ ಮಾತ್ರ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಉಳಿಯುತ್ತದೆ. ಇದು ನನಗೇ ಆದದ್ದು ಕೇಳು: ಮೊದಲ ಸಲ ಮೂರೂ ಸೇರಿ 129. ಎರಡನೇ ಪರೀಕ್ಷೆಯಲ್ಲಿ ಬಯಾಲಜಿ, ಕೆಮಿಸ್ಟ್ರಿ ಎರಡೂ ಬರೆದೆ. ಬಯಾಲಜಿ 14 ಅಂಕ ಏರಿತು. ಕೆಮಿಸ್ಟ್ರಿ ಮೂರು ಇಳಿಯಿತು! ಇಳಿದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಳೇ ಕೆಮಿಸ್ಟ್ರಿ, ಹೊಸ ಬಯಾಲಜಿ, ಒಟ್ಟು 143.

ಕಷ್ಟ ಇರುವುದು ದಿನಗಳ ಲೆಕ್ಕದಲ್ಲಿ. ಆ ವರ್ಷ ರಿಸಲ್ಟ್ ಬಂದದ್ದು ಏಪ್ರಿಲ್ 10ಕ್ಕೆ. ಸಿಇಟಿ 18, 19. ಎರಡನೇ ಪರೀಕ್ಷೆ ಶುರು 29ಕ್ಕೆ. ನಡುವೆ ಇದ್ದದ್ದು ಮೂರು ವಾರಕ್ಕಿಂತ ಕಡಿಮೆ, ಅದರಲ್ಲಿ ನಾಲ್ಕು ದಿನ ನಾನು ಅಳೋದರಲ್ಲೇ ಕಳೆದೆ. ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ಕರೆಂಟ್ ಹೋದರೆ ಪುಸ್ತಕ ಬೀಸಣಿಗೆ ಆಗುತ್ತದೆ. ಬೆಳಗ್ಗೆ ಐದಕ್ಕೆ ಮಾಳಿಗೆ ಮೇಲೆ ಕೂತು ಎಂಟರ ತನಕ ಓದುತ್ತಿದ್ದೆ. ಮಧ್ಯಾಹ್ನ ಸುಮ್ನೆ ಮಲಗುತ್ತಿದ್ದೆ. ಸಂಜೆ ಮತ್ತೆ ಎರಡು ತಾಸು.

ನನಗೆ ನಿಜವಾಗಿ ಉಪಯೋಗ ಆದದ್ದು ಓದಿಗಿಂತ ಮೊದಲು ಮಾಡಿದ ಒಂದು ಕೆಲಸ. ಬಯಾಲಜಿ ಉತ್ತರ ಪತ್ರಿಕೆಯ ಸ್ಕ್ಯಾನ್ ಕಾಪಿ ತರಿಸಿದೆ, ಆಗ 530 ರೂಪಾಯಿ. ಮನೆಯಲ್ಲಿ ದುಡ್ಡು ಹಾಳು ಅಂತ ಬೈದರು. ತೆಗೆದು ನೋಡಿದರೆ ನಾಚಿಕೆಯಾಯಿತು. ಒಂದು ಅಂಕದ 20 ಪ್ರಶ್ನೆಗಳಲ್ಲಿ ಆರು ಖಾಲಿ ಬಿಟ್ಟಿದ್ದೆ. ತಪ್ಪು ಬರೆದರೆ ಅಂಕ ಕಳೆಯೋದಿಲ್ಲ, ಆದರೂ ಖಾಲಿ! ಚಿತ್ರ ಬಿಡಿಸಿದ್ದೆ, ಭಾಗಗಳ ಹೆಸರು ಅರ್ಧ ಬರೆದಿರಲಿಲ್ಲ. ನನಗೆ ವಿಷಯ ಬರೋದಿಲ್ಲ ಅಂದುಕೊಂಡಿದ್ದೆ, ಹಾಗಿರಲಿಲ್ಲ. ಆಮೇಲೆ ದಿನಾ ನಾಲ್ಕು ಚಿತ್ರ, ನೋಡದೆ, ಹೆಸರು ಸಮೇತ. ಪರಾಗಕೋಶ, ಭ್ರೂಣಕೋಶ, ವೀರ್ಯಾಣು ಇವನ್ನೆಲ್ಲ ನಿದ್ದೆಯಲ್ಲೂ ಬಿಡಿಸುವಷ್ಟು ಮಾಡಿದೆ.

ಪ್ರಾಕ್ಟಿಕಲ್ ಅಂಕ ಮೊದಲಿನದೇ ಉಳಿಯುತ್ತದೆ. ಏರಿಸಬೇಕಾದದ್ದು 70ರ ಥಿಯರಿ ಮಾತ್ರ.

ಇನ್ನೊಂದು. 135 ನಿನ್ನನ್ನು ಬಾಗಿಲ ತನಕ ತಂದು ನಿಲ್ಲಿಸುತ್ತದೆ, ಅಷ್ಟೇ. ಸರ್ಕಾರಿ ಸೀಟು ಸಿಗೋದು ಸಿಇಟಿ ರ‍್ಯಾಂಕ್ ಮೇಲೆ. ಸಿಇಟಿಗೆ ಅರ್ಜಿ ಹಾಕಿದ್ದೀಯಾ? 371ಜೆ ಸರ್ಟಿಫಿಕೇಟ್, ಅಂದರೆ ಕಲ್ಯಾಣ ಕರ್ನಾಟಕದವರು ಅನ್ನೋ ಪತ್ರ, ಇದೆಯಾ? ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ನಮ್ಮವರಿಗೇ. ಆ ಕಾಗದ ಇಲ್ಲದಿದ್ದರೆ ನಾವು ಇಲ್ಲಿಯವರು ಅಂತ ಬಾಯಲ್ಲಿ ಹೇಳಿದರೆ ನಡೆಯೋದಿಲ್ಲ.

ಶಹಾಪುರ, ಸ್ಟಾಫ್ ನರ್ಸ್ (ಹುಡುಗರೂ ಇದ್ದೇವೆ ಈ ಕೆಲಸದಲ್ಲಿ!)

ನಿಮ್ಮ ಅಪ್ಪನ ಭಯ ಸುಳ್ಳಲ್ಲ ತಂಗಿ, ಹಳೇದು. ನಮ್ಮ ಕಾಲದಲ್ಲಿ ಅಂಕ ಏರಿಸಬೇಕು ಅಂದರೆ ಬಂದ ರಿಸಲ್ಟ್ ಬೇಡ ಅಂತ ಬರೆದುಕೊಟ್ಟು ಮತ್ತೆ ಕೂರಬೇಕಿತ್ತು. ಈಗಿನ ನಿಯಮ ಅವರಿಗೆ ಗೊತ್ತಿರಲಿಕ್ಕಿಲ್ಲ. ಕಾಲೇಜಿನ ಯಾರಾದರೂ ಸರ್ ಹತ್ತಿರ ಒಂದು ಫೋನ್ ಮಾಡಿಸು, ನಿನ್ನ ಮಾತಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ನಾನು ಒಂದು ವರ್ಷ ಮನೆಯಲ್ಲಿ ಕೂತವನು. ಓದಿದ್ದು ಎರಡು ತಿಂಗಳು. ಉಳಿದ ದಿನ ಹತ್ತಿ ಬಿಡಿಸಿದೆ, ತಮ್ಮನನ್ನು ಶಾಲೆಗೆ ಬಿಟ್ಟು ಬಂದೆ, ಮದುವೆ ಮನೆಗಳಲ್ಲಿ "ಏನ್ ಮಾಡ್ತಿದ್ದೀ" ಅಂದವರಿಗೆ ಉತ್ತರ ಹುಡುಕಿದೆ. ಎರಡು ಅಂಕಕ್ಕೆ ಒಂದು ವರ್ಷ ಕೊಡಬೇಡ.

ಆ ಟೈಮಲ್ಲೇ ಒಬ್ಬ ಏಜೆಂಟ್ ಬೆಂಗಳೂರಲ್ಲಿ ಸೀಟು ಕೊಡಿಸ್ತೀನಿ ಅಂತ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡ. ಸೇರಲ್ಲ ಅಂದಾಗ ಅದನ್ನು ಬಿಡಿಸಿಕೊಳ್ಳಲು ಅಪ್ಪ ದುಡ್ಡು ಕೊಟ್ಟರು. ಯಾರು ಕೇಳಿದರೂ ಜೆರಾಕ್ಸ್ ಮಾತ್ರ ಕೊಡು.

ಬೀದರ್, ಜಿಎನ್‌ಎಂ ಮುಗಿಸಿದವಳು

ಮಾವ ಹೇಳಿದ್ದನ್ನು ತೆಗೆದುಹಾಕಬೇಡಿ. ಜಿಎನ್‌ಎಂಗೆ ಪಿಯುಸಿಯ ಎಲ್ಲ ವಿಷಯ ಸೇರಿ ಶೇ 40 ಸಾಕು, ಮೂರು ವರ್ಷ. ನಾನು ಅದನ್ನೇ ಓದಿ ಮನೆ ನಡೆಸುತ್ತಿದ್ದೇನೆ. ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಓದಿದರೆ ಬಿಎಸ್ಸಿಯೇ ಆಗುತ್ತದೆ. ಆದರೆ ಲೆಕ್ಕ ಹಾಕಿ, ಮೂರು ಮತ್ತು ಎರಡು ಐದಾಯಿತು, ನೇರ ಬಿಎಸ್ಸಿ ನಾಲ್ಕು. ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆರಿಸುವ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿಯವರು ಓದು ಮುಗಿಸಿ ರಿಜಿಸ್ಟ್ರೇಷನ್ ಆದ ಕೂಡಲೇ ಕೂರಬಹುದು. ನಮಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ನನಗೆ ಆ ಮೂರು ವಿಷಯ ಸೇರಿ 110 ಬಂದಿತ್ತು, ದಾರಿ ಇರಲಿಲ್ಲ, ಸೇರಿದೆ. ನಿಮ್ಮ 133 ನನಗೆ ಬಂದಿದ್ದರೆ ಮೊದಲು ಪರೀಕ್ಷೆ ಬರೆಯುತ್ತಿದ್ದೆ.

ಚಿಂಚೋಳಿ, ಪಿಯು ಉಪನ್ಯಾಸಕ

ಫಾರ್ಮ್ ಸಿಗುವುದು ನೀನು ಓದಿದ ಕಾಲೇಜಿನಲ್ಲೇ, ಸೈಬರ್ ಸೆಂಟರ್ ಸುತ್ತಬೇಡ. ಕೊನೇ ದಿನಾಂಕ ಬಹಳ ಬೇಗ ಇರುತ್ತದೆ. ಹೇಗೂ ಅಂಕ ಇಳಿಯುವ ಭಯ ಇಲ್ಲ, ಮೂರೂ ವಿಷಯ ಬರೆದುಬಿಡು.

ಕಲಬುರಗಿ, ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ

ಸರ್, ನೀವು ಹೇಳಿದ್ದು ನಿಯಮದ ಪ್ರಕಾರ ಸರಿ. ಆದರೆ ನಡುವೆ ಸಿಇಟಿ ಇದೆ. ಕೆಮಿಸ್ಟ್ರಿಗೆ ನಾನು ಕೊಟ್ಟ ಒಂದು ವಾರ ನೀರಲ್ಲಿ ಹೋಯಿತು, ಆ ವಾರ ಸಿಇಟಿಗೆ ಸಿಕ್ಕಿದ್ದರೆ ರ‍್ಯಾಂಕ್ ಬೇರೆ ಇರುತ್ತಿತ್ತು ಅಂತ ಈಗಲೂ ಅನಿಸುತ್ತದೆ. ಇವಳಿಗೆ ಬೇಕಾಗಿರುವುದು ಎರಡು ಅಂಕ. ಬಯಾಲಜಿ ಒಂದೇ ಸಾಕು. ಅದು ಹೇಗೂ ಸಿಇಟಿಗೂ ಓದಲೇಬೇಕು. 

ಜೇವರ್ಗಿ ಕಡೆಯ ಹುಡುಗಿ

ಎಲ್ಲರಿಗೂ ಥ್ಯಾಂಕ್ಸ್. ಸಿಇಟಿ ಹಾಲ್ ಟಿಕೆಟ್ ಬಂದಿದೆ. 371ಜೆ ಹೋದ ವರ್ಷವೇ ಮಾಡಿಸಿ ಅರ್ಜಿಯಲ್ಲಿ ಹಾಕಿದ್ದೇನೆ. ನಮ್ಮ ಬಯಾಲಜಿ ಮೇಡಮ್ ಹತ್ತಿರ ಅಪ್ಪನಿಗೆ ಫೋನ್ ಮಾಡಿಸಿದೆ. ಅವರು ಐದು ನಿಮಿಷ "ಹೂಂ, ಹೂಂ" ಅಂದು ಇಟ್ಟರು. ರಾತ್ರಿ ಊಟಕ್ಕೆ ಕೂತಾಗ, ಫೀಸ್ ಎಷ್ಟು ಕಟ್ಟಬೇಕು ಅಂತ ಕೇಳಿದರು! ಬಯಾಲಜಿ ಒಂದೇ ಬರೆಯುತ್ತೇನೆ, ಸ್ಕ್ಯಾನ್ ಕಾಪಿಗೂ ಅರ್ಜಿ ಹಾಕಿದೆ. ಅಕ್ಕ, ನೀವು ಚಿತ್ರ ಬಿಡಿಸಿದ ನೋಟ್‌ಬುಕ್ ಇನ್ನೂ ಇದೆಯಾ?

ಕಲಬುರಗಿ, ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ

ಇದೆ, ಅವ್ವ ರದ್ದಿಗೆ ಹಾಕದೆ ಇಟ್ಟಿದ್ದಾಳೆ. ಭಾನುವಾರ ಬೆಳಗ್ಗೆ ಬಸ್ ಹತ್ತಿ ಬಾ, ಆಧಾರ್ ತಾ, ಟಿಕೆಟ್‌ಗೆ ದುಡ್ಡು ಬೇಡ. ಸೆಂಟ್ರಲ್ ಬಸ್ ಸ್ಟ್ಯಾಂಡಿಗೆ ನಾನೇ ಬಂದು ಕೊಡುತ್ತೇನೆ. ಹತ್ತರ ಒಳಗೆ ಬಂದುಬಿಡು, ಆಮೇಲೆ ಬಿಸಿಲು.