ಒಳಗಿನ ದನಿಯನ್ನು ಎಷ್ಟು ನಂಬುವುದು? ಮನೋವೈದ್ಯೆಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಂಗಳೂರಿನ ಮನೋವೈದ್ಯೆಯೊಬ್ಬರು ಇವತ್ತು ಗುಂಪಿನಲ್ಲಿದ್ದಾರೆ. ಪ್ರಶ್ನೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಕದ್ರಿ ಸದಸ್ಯೆ: ಮೇಡಂ, ಏನು ಮಾಡಲು ಹೊರಟರೂ ಒಳಗಿನಿಂದ "ಆಪುಜಿ, ನಿನ್ನಿಂದ ಆಗಲ್ಲ" ಅಂತ ಬರುತ್ತದೆ. ಕೆಲಸದ ಅರ್ಜಿ ತುಂಬಿ ಹಾಗೇ ಇಟ್ಟಿದ್ದೇನೆ. ಒಳದನಿ ಕೇಳಬೇಕು ಅಂತಾರೆ. ಇದನ್ನೂ ಕೇಳಬೇಕಾ?

ಡಾಕ್ಟರ್: ಕೇಳಿಸಿಕೊಳ್ಳಿ, ಹೇಳಿದ ಹಾಗೆ ನಡೆಯುವುದು ಬೇಡ. ಅದು ಯಾರ ಧಾಟಿಯಲ್ಲಿ ಮಾತಾಡುತ್ತದೆ ನೋಡಿ. ಎಷ್ಟೋ ಸಲ ಅಪ್ಪನದ್ದೋ ಟೀಚರದ್ದೋ ಆಗಿರುತ್ತದೆ. ಓಡಿಸಲು ಹೋದರೆ ಇನ್ನೂ ಜೋರಾಗುತ್ತದೆ. ನಿಮ್ಮ ಹೆಸರು ಹಿಡಿದು "ನಿನಗೆ ಎಂತ ಹೆದರಿಕೆ?" ಅಂತ ನೀವೇ ಕೇಳಿಕೊಳ್ಳಿ. ಹೀಗೆ ಹೆಸರು ಹಿಡಿದು ಮಾತಾಡಿಕೊಂಡರೆ ಆತಂಕ ತಗ್ಗುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಈಥನ್ ಕ್ರಾಸ್ ತಂಡ 2014ರಲ್ಲಿ ತೋರಿಸಿದೆ. ಅರ್ಜಿ ನಾಳೆಯೇ ಕಳಿಸಿ. ನಮಗೆ ನಾವೇ ಕೊಟ್ಟ ಸಣ್ಣ ಮಾತು ಉಳಿಸಿಕೊಂಡಾಗಲೇ ನಮ್ಮ ಮೇಲೆ ನಂಬಿಕೆ ಬರುವುದು.

ಸುರತ್ಕಲ್ ಸದಸ್ಯರು: ಭಯವೋ ಒಳದನಿಯೋ, ಹೇಗೆ ಗೊತ್ತಾಗುವುದು?

ಡಾಕ್ಟರ್: ಭಯ ಅವಸರ ಮಾಡುತ್ತದೆ. ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತದೆ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಮತ್ತೆ ಯೋಚಿಸಿ.

ಉಳ್ಳಾಲ ಸದಸ್ಯೆ: ಭಯ ಯಾವುದು, ಒಳದನಿ ಯಾವುದು ಮೇಡಂ?

ಡಾಕ್ಟರ್: ಮೇಲೆ ಓದಿ.

ಮಣಿಪಾಲ ಸದಸ್ಯರು: ಧ್ಯಾನಕ್ಕೆ ಯಾವ ಆಪ್ ಒಳ್ಳೆಯದು?

ಕಾಪು ಸದಸ್ಯರು: (ಫಾರ್ವರ್ಡ್) ರಾತ್ರಿ 3 ಗಂಟೆಗೆ ಎದ್ದು ಕತ್ತಲಲ್ಲಿ ಕೂತು ಒಳದನಿ ಕೇಳಿ. ಮನಸ್ಸಿನ ಮಾತ್ರೆ ಬಿಟ್ಟರೆ ಮಾತ್ರ ದನಿ ಸ್ಪಷ್ಟವಾಗುತ್ತದೆ. ಹತ್ತು ಜನರಿಗೆ ಕಳಿಸಿ.

ಡಾಕ್ಟರ್: ಇದನ್ನು ಈಗಲೇ ಅಳಿಸಿ. ನಿದ್ದೆಯೂ ಹೋಗಿ ಮಾತ್ರೆಯೂ ನಿಂತರೆ ಕಾಯಿಲೆ ಮರುಕಳಿಸಬಹುದು. ಯಾರಿಗೂ ಕಳಿಸಬೇಡಿ.

ಕಾಪು ಸದಸ್ಯರು: ಒಳ್ಳೇದಾಗಲಿ ಅಂತ ಹಾಕಿದ್ದು.

ಬಂಟ್ವಾಳ ಸದಸ್ಯೆ: ಮೇಡಂ, ನನ್ನ ತಮ್ಮ ಇದನ್ನೇ ನೋಡಿ ಹೋದ ವಾರ ಮಾತ್ರೆ ಬಿಟ್ಟ. ದನಿ ಕೇಳುತ್ತದೆ ಅಂತ ಮೊದಲಿಂದ ಔಷಧಿ ಇತ್ತು. ಈಗ ಫ್ಯಾನಿನ ಶಬ್ದದೊಳಗೆ ಯಾರೋ "ಹೊಳೆಗೆ ಇಳಿ" ಅಂತಾರಂತೆ. ಇದು ನನ್ನ ಒಳದನಿಯೇ ಅಲ್ವಾ ಅಂತ ಕೇಳ್ತಾನೆ.

ಡಾಕ್ಟರ್: ಅಲ್ಲ. ನಮ್ಮ ಯೋಚನೆ ನಮ್ಮದೇ ಅಂತ ನಮಗೆ ಗೊತ್ತಿರುತ್ತದೆ. ಅವನಿಗೆ ಅದು ಹೊರಗಿನಿಂದ, ಬೇರೆಯವರ ದನಿಯಾಗಿ ಕೇಳುತ್ತಿದೆ, ಅಪ್ಪಣೆಯನ್ನೂ ಕೊಡುತ್ತಿದೆ. ಇದು ತುರ್ತು. ಇವತ್ತೇ, ಈಗಲೇ ಹೊರಡಿ. ಅವನ ಡಾಕ್ಟರ್ ಸಿಗದಿದ್ದರೆ ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಮಂಗಳೂರಿನಲ್ಲಿ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಉಂಟು. ಒಂದು ನಿಮಿಷವೂ ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ತೋಟಕ್ಕೆ ಹೊಡೆಯುವ ಕೀಟನಾಶಕ ಬೀಗದೊಳಗಿಡಿ. ಬಿಟ್ಟ ಮಾತ್ರೆಯೆಲ್ಲ ಒಟ್ಟಿಗೆ ಕೊಡಬೇಡಿ, ಎಷ್ಟು ಅಂತ ಅಲ್ಲಿ ಹೇಳುತ್ತಾರೆ. ದನಿ ಸುಳ್ಳು ಅಂತ ವಾದ ಬೇಡ. "ನಿನಗೆ ಕೇಳುತ್ತದೆ, ನನಗೆ ಕೇಳುವುದಿಲ್ಲ. ನಿನಗೆ ತುಂಬಾ ಹೆದರಿಕೆ ಆಗ್ತಿರಬೇಕು, ನಾನು ಜೊತೆಗಿದ್ದೇನೆ" ಅನ್ನಿ. ಸಾಯುವ ಯೋಚನೆ ಬರುತ್ತದಾ ಅಂತ ನೇರ ಕೇಳಿ. ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ದಾರಿಯಲ್ಲಿ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೂ ಸಿಗುತ್ತದೆ. ಬಿಲ್ ಇಲ್ಲ.

ಮೂಡುಬಿದಿರೆ ಸದಸ್ಯರು: ಮೊದಲು ದೈವದ ಹತ್ತಿರ ಕೇಳಿದ್ದೀರಾ? ಇದು ಆಸ್ಪತ್ರೆ ವಿಷಯ ಅಲ್ಲ.

ಉಡುಪಿ ಸದಸ್ಯರು: ಹುಡುಗನ ಜೀವದ ಪ್ರಶ್ನೆ ಮಾರಾಯ್ರೆ, ಸುಮ್ನಿರಿ.

ಮೂಡುಬಿದಿರೆ ಸದಸ್ಯರು: ನಮ್ಮ ನಂಬಿಕೆಯನ್ನು ಹಗುರ ಮಾಡಬೇಡಿ. ನಿಮಗೆ ತುಳುನಾಡಿನ ಬಗ್ಗೆ ಎಂತ ಗೊತ್ತು?

ಉಡುಪಿ ಸದಸ್ಯರು: ನಾನೂ ಇಲ್ಲಿಯೇ ಹುಟ್ಟಿದ್ದು. ನಮ್ಮ ಮನೆಯಲ್ಲೂ ದೈವದ ಕೋಲ ಆಗುತ್ತದೆ.

ಡಾಕ್ಟರ್: ಇಬ್ಬರೂ ಜಗಳ ನಿಲ್ಲಿಸಿ. ಹರಕೆ ಹೇಳಿಕೊಳ್ಳಲಿ, ಬೇಡ ಅಂದವರು ಯಾರು? ಆದರೆ ಅದಕ್ಕೆ ಅಂತ ಕಾಯುವುದು ಬೇಡ. ಬಂಟ್ವಾಳದವರೇ, ಹೊರಟಿರಾ?

ಸುರತ್ಕಲ್ ಸದಸ್ಯರು: ಮೇಡಂ, ಒಂದು ರಾತ್ರಿ ಕಳೆದ ಮೇಲೂ ಭಯವೇ ಇದ್ದರೆ?

ಬಂಟ್ವಾಳ ಸದಸ್ಯೆ: ಭಾವ ರಿಕ್ಷಾ ತಂದರು. ತಮ್ಮ ಬರ್ತೇನೆ ಅಂದ.

ಡಾಕ್ಟರ್: ಹಳೆ ಚೀಟಿ, ಮಾತ್ರೆಯ ಪಟ್ಟಿ ತೆಗೆದುಕೊಳ್ಳಿ. ಅವನನ್ನು ನಡುವೆ ಕೂರಿಸಿ.