ಖಾಸಗಿ ಬಡಾವಣೆಯ ದೀಪ, ಮೋರಿ, ಪಾರ್ಕು: ಡೆವಲಪರ್ ಹೊಣೆಯೋ, ಪಂಚಾಯಿತಿ ಹೊಣೆಯೋ?

ಹೊರವಲಯ ನಿವಾಸಿ:

ಆನೇಕಲ್ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ವ್ಯಾಪ್ತಿಯಲ್ಲಿ 180 ನಿವೇಶನಗಳ ಖಾಸಗಿ ಬಡಾವಣೆ. ಭೂಪರಿವರ್ತನೆ ಆಗಿದೆ, ಯೋಜನಾ ಪ್ರಾಧಿಕಾರ ಒಪ್ಪಿದ ನಕ್ಷೆ ಇದೆ, ನಿವೇಶನಗಳಿಗೆ ಫಾರಂ 9 ಮತ್ತು 11ಎ (ಪಂಚಾಯಿತಿ ಕೊಡುವ ಆಸ್ತಿ ದಾಖಲೆ) ಸಿಕ್ಕಿದೆ. ಎಪ್ಪತ್ತು ಮನೆ ಎದ್ದಿವೆ.

ಬೀದಿದೀಪಗಳಲ್ಲಿ ಎಷ್ಟೋ ಉರಿಯುವುದಿಲ್ಲ. ತಗ್ಗಿನ ರಸ್ತೆಯ ಕೊನೆಯ ಎರಡು ಮ್ಯಾನ್‌ಹೋಲ್ ಆಗಾಗ ಉಕ್ಕಿ, ಕೊಳಚೆ ಮಳೆನೀರಿನ ಚರಂಡಿ ಸೇರಿ ಕೆರೆ ಕಡೆ ಹರಿಯುತ್ತದೆ. ಪಾರ್ಕಿಗೆ ಬಿಟ್ಟ ಜಾಗಕ್ಕೆ ಡೆವಲಪರ್ ತಂತಿಬೇಲಿ ಹಾಕಿ ಬೀಗ ಜಡಿದಿದ್ದಾರೆ. ಪಂಚಾಯಿತಿಯವರು "ಬಡಾವಣೆ ನಮಗೆ ಹಸ್ತಾಂತರ ಆಗಿಲ್ಲ" ಎನ್ನುತ್ತಾರೆ. ಡೆವಲಪರ್ "ನಾನು ಎಲ್ಲ ಬಿಟ್ಟುಕೊಟ್ಟಾಗಿದೆ, ಅವರನ್ನೇ ಕೇಳಿ" ಎನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ನಕ್ಷೆ ಮತ್ತು ಕಡತ:

ಇಬ್ಬರ ಮಾತೂ ನಿಜವಿರಬಹುದು ಸರ್. ನಾವು "ಹಸ್ತಾಂತರ" ಎಂದು ಒಂದೇ ಉಸಿರಿನಲ್ಲಿ ಹೇಳುವುದು ಕಡತದಲ್ಲಿ ಎರಡು ಬೇರೆ ಕೆಲಸ.

ಒಂದು, ಪರಿತ್ಯಾಜನಾ ಪತ್ರ. ರಸ್ತೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯದ) ನಿವೇಶನಗಳ ನೆಲವನ್ನು ಡೆವಲಪರ್ ದುಡ್ಡು ಪಡೆಯದೆ ಬರೆದುಕೊಟ್ಟು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು. ಇನ್ನೊಂದು, ನಿರ್ವಹಣೆಯ ಹಸ್ತಾಂತರ. ಡಾಂಬರು, ಮೋರಿ, ಕಂಬ, ನೀರಿನ ಕೊಳವೆಗಳನ್ನು ಎಂಜಿನಿಯರ್ ನೋಡಿ, ಸರಿಯಿದೆ ಎಂದ ಮೇಲೆ ಸ್ಥಳೀಯ ಸಂಸ್ಥೆ ವಹಿಸಿಕೊಳ್ಳುವುದು. ಮೊದಲನೆಯದು ಇಲ್ಲದೆ ನಿವೇಶನ ಮಾರಲು ಬಿಡುಗಡೆ ಆಗುವುದಿಲ್ಲ, ಹಾಗಾಗಿ ಅದು ಬೇಗ ಮುಗಿಯುತ್ತದೆ. ಎರಡನೆಯದಕ್ಕೆ ಕೈಯಿಂದ ಖರ್ಚು ಮಾಡಬೇಕು, ಅದನ್ನು ವರ್ಷಗಟ್ಟಲೆ ಎಳೆಯುತ್ತಾರೆ. ನಿಮ್ಮಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂಬುದು ಗೊತ್ತಾಗುವ ತನಕ ಯಾರಿಗೆ ಅರ್ಜಿ ಕೊಟ್ಟರೂ ಅದು ಇನ್ನೊಬ್ಬರ ಮೇಜಿಗೆ ಹೋಗುತ್ತದೆ.

ಪರಿತ್ಯಾಜನಾ ಪತ್ರ ಹುಡುಕಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಇಸಿ, ಆ ಜಮೀನಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ) ತೆಗೆಸಿ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ತಮ್ಮ ನಿವೇಶನದ ಸಂಖ್ಯೆ ಹಾಕಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಹಾಕಬೇಕಾದ್ದು ಬಡಾವಣೆ ಎದ್ದ ಮೂಲ ಸರ್ವೆ ನಂಬರುಗಳು, ಅವಧಿ ಭೂಪರಿವರ್ತನೆ ಆದೇಶದ ವರ್ಷದಿಂದ ಇವತ್ತಿನವರೆಗೆ. ಬಡಾವಣೆ ನಾಲ್ಕು ಸರ್ವೆ ನಂಬರಿನ ಮೇಲಿದ್ದರೆ ನಾಲ್ಕಕ್ಕೂ ತೆಗೆಸಿ. ಪತ್ರದ ನೋಂದಣಿ ಸಂಖ್ಯೆ ಸಿಕ್ಕಮೇಲೆ ದೃಢೀಕೃತ ನಕಲು ಪಡೆಯಿರಿ. ಅದರ ಷೆಡ್ಯೂಲಿನಲ್ಲಿ ಪಾರ್ಕು ಎಷ್ಟು ಚದರ ಮೀಟರ್, ಚೆಕ್ಕುಬಂದಿ ಏನು ಎಂಬುದು ಇರುತ್ತದೆ.

ಜೊತೆಗೆ ಯೋಜನಾ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ದೀಪ, ಮೋರಿ, ಪಾರ್ಕು ಎಲ್ಲ ಒಂದರಲ್ಲೇ ತುರುಕಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಕೇಳಬೇಕಾದ್ದು ಮೂರು ಕಾಗದ: ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ, ಅನುಮೋದನೆಯ ಷರತ್ತುಗಳ ಪತ್ರ, ನಿವೇಶನ ಬಿಡುಗಡೆ ಆದೇಶಗಳೆಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು.

ಈ ಬಿಡುಗಡೆ ಆದೇಶ ಬಹಳ ಮುಖ್ಯ. ಪ್ರಾಧಿಕಾರ ಎಲ್ಲ ನಿವೇಶನಗಳನ್ನು ಒಟ್ಟಿಗೆ ಬಿಡುವುದಿಲ್ಲ, ಕಾಮಗಾರಿ ಮುಗಿದಂತೆ ಹಂತ ಹಂತವಾಗಿ ಬಿಡುತ್ತದೆ. ಕೊನೆಯ ಹಂತ ಇನ್ನೂ ಬಾಕಿ ಇದ್ದರೆ ನಿಮ್ಮ ಕೈ ಮೇಲಿದೆ. "ಒಳಚರಂಡಿ, ಬೀದಿದೀಪ ಸರಿಪಡಿಸುವ ತನಕ ಉಳಿದ ನಿವೇಶನ ಬಿಡುಗಡೆ ಮಾಡಬೇಡಿ" ಎಂದು ಫೋಟೊ, ದಿನಾಂಕ ಸಮೇತ ಬರೆದುಕೊಡಿ. ಮಾರಲು ಕಾದಿರುವ ನಿವೇಶನ ತಡೆದರೆ ಆಗುವ ಕೆಲಸ ಹತ್ತು ನೋಟಿಸಿನಿಂದ ಆಗುವುದಿಲ್ಲ.

ಬಡಾವಣೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದೆಯೇ ನೋಡಿ. ಆಗಿದ್ದರೆ 2016ರ ಕಾಯ್ದೆಯ ಕಲಂ 14(3) ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಮಗಾರಿಯಲ್ಲಾಗಲಿ ಸೇವೆಯಲ್ಲಾಗಲಿ ದೋಷ ತೋರಿಸಿದರೆ 30 ದಿನದಲ್ಲಿ ಡೆವಲಪರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಆ ಐದು ವರ್ಷ ಮುಗಿಯುವ ಮೊದಲು ಬರಹದಲ್ಲಿ ದೂರು ಹೋಗಿರಬೇಕು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೈದದ್ದು ದೂರಲ್ಲ.

ಕಂಬ ಮತ್ತು ತಂತಿ:

ದೀಪದ ವಿಷಯ ಚಿಕ್ಕದು, ಮೊದಲು ಅದನ್ನೇ ಮುಗಿಸಿಕೊಳ್ಳಿ. ರಾತ್ರಿ ಒಂದು ಸುತ್ತು ಹೋಗಿ, ಯಾವ ಕಂಬ ಉರಿಯುತ್ತಿಲ್ಲ ಎಂದು ಗುರುತು ಹಾಕಿಕೊಳ್ಳಿ. ಪ್ರತಿ ಮೂರನೆಯ ಕಂಬ ಕತ್ತಲಾಗಿದ್ದರೆ ಮೂರು ಫೇಸಿನಲ್ಲಿ ಒಂದರ ಫ್ಯೂಸ್ ಹೋಗಿರುವ ಸಂಭವ ಹೆಚ್ಚು, ಏಕೆಂದರೆ ದೀಪಗಳನ್ನು ಸಾಮಾನ್ಯವಾಗಿ ಮೂರೂ ಫೇಸಿಗೆ ಸರದಿಯಂತೆ ಹಂಚಿರುತ್ತಾರೆ. ಒಂದು ಕಂಬದಿಂದಾಚೆ ಸಾಲಿಗೆ ಸಾಲೇ ಕತ್ತಲಾಗಿದ್ದರೆ ಅಲ್ಲಿ ಕೇಬಲ್ ಜಾಯಿಂಟ್ ಹೋಗಿದೆ. ಹಗಲಲ್ಲೂ ಉರಿಯುತ್ತಿದ್ದರೆ ಟೈಮರ್ ಕೆಟ್ಟಿದೆ. ಒಂದೊಂದು ಅಲ್ಲಲ್ಲಿ ಹೋಗಿದ್ದರೆ ಮಾತ್ರ ಬಲ್ಬಿನ ದೋಷ.

ಆಮೇಲೆ ಬೀದಿದೀಪದ ಮೀಟರ್ ಪೆಟ್ಟಿಗೆಯ ಮೇಲಿನ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ನೋಂದಣಿ ಸಂಖ್ಯೆ) ಯಾರ ಹೆಸರಲ್ಲಿದೆ ಎಂದು ವಿದ್ಯುತ್ ಕಂಪನಿ ಬೆಸ್ಕಾಂನ ಉಪವಿಭಾಗದಲ್ಲಿ ಕೇಳಿ. ಡೆವಲಪರ್ ಹೆಸರಲ್ಲೇ ಇದ್ದರೆ ಬಿಲ್ಲು ಅವರದೇ, ಪಂಚಾಯಿತಿ ಕಟ್ಟಲು ಬರುವುದಿಲ್ಲ. ಸರಬರಾಜೇ ಇಲ್ಲದಿದ್ದರೆ, ತಂತಿ ಜೋತುಬಿದ್ದಿದ್ದರೆ 1912ಕ್ಕೆ ಕರೆ ಮಾಡಿ ಕಂಬದ ಸಂಖ್ಯೆ ಹೇಳಿ. ಬಲ್ಬು ಬದಲಿಸುವುದು ಬೆಸ್ಕಾಂ ಕೆಲಸವಲ್ಲ.

ಒಳಚರಂಡಿ:

ಮ್ಯಾನ್‌ಹೋಲ್ ಯಾವಾಗ ಉಕ್ಕುತ್ತದೆ ಎಂಬುದನ್ನು ಹದಿನೈದು ದಿನ ಬರೆದಿಡಿ. ಅರ್ಧ ಉತ್ತರ ಅಲ್ಲೇ ಇದೆ.

ಮಳೆ ಬಂದಾಗ ಮಾತ್ರ ಉಕ್ಕಿದರೆ ತಾರಸಿ ನೀರಿನ ಪೈಪನ್ನು ಯಾರೋ ಒಳಚರಂಡಿಗೆ ಬಿಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿ: 1200 ಚದರಡಿ ತಾರಸಿ ಅಂದರೆ ಸುಮಾರು 111 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ 5,500 ಲೀಟರ್ ಇಳಿಯುತ್ತದೆ. ಐದು ಜನರ ಮನೆಯ ಕೊಳಚೆ, ತಲೆಗೆ 135 ಲೀಟರ್ ನೀರು, ಅದರಲ್ಲಿ ಶೇ 80 ಮೋರಿಗೆ ಎಂದು ಹಿಡಿದರೆ, ದಿನಕ್ಕೆ 540 ಲೀಟರ್. ಅಂದರೆ ಒಂದು ತಾರಸಿ ಒಂದು ಗಂಟೆಯಲ್ಲಿ ಆ ಮನೆಯ ಹತ್ತು ದಿನದ ಕೊಳಚೆಯಷ್ಟು ನೀರನ್ನು ಕೊಳವೆಗೆ ನೂಕುತ್ತದೆ. ಹತ್ತು ಮನೆ ಹೀಗೆ ಮಾಡಿದರೆ ತಗ್ಗಿನ ಮ್ಯಾನ್‌ಹೋಲ್ ಉಕ್ಕದೆ ಇರಲು ಸಾಧ್ಯವೇ ಇಲ್ಲ. ಇದಕ್ಕೆ ಪಂಚಾಯಿತಿಯೂ ಬೇಡ, ಡೆವಲಪರೂ ಬೇಡ. ತಾರಸಿ ಪೈಪುಗಳನ್ನು ಇಂಗುಗುಂಡಿಗೋ ಮಳೆನೀರಿನ ಚರಂಡಿಗೋ ತಿರುಗಿಸಿ.

ಮಳೆ ಇಲ್ಲದಾಗಲೂ, ಬೆಳಿಗ್ಗೆ ಏಳರಿಂದ ಹತ್ತರೊಳಗೆ ಉಕ್ಕಿದರೆ ಕೊಳವೆ ಕಟ್ಟಿದೆ, ಇಲ್ಲವೇ ಇಳಿಜಾರು ಸಾಲದು. ಕೊಳಚೆ ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಹರಿದರೆ ಮಾತ್ರ ಮರಳು, ಜಿಡ್ಡು ತಳದಲ್ಲಿ ಕೂರುವುದಿಲ್ಲ. 150 ಮಿಲಿಮೀಟರ್ ಕೊಳವೆ ತುಂಬಿ ಹರಿಯುವಾಗ ಆ ವೇಗಕ್ಕೆ 200ಕ್ಕೆ 1ರ ಇಳಿಜಾರು ಬೇಕು. ಅಂದರೆ 30 ಮೀಟರ್ ದೂರದ ಎರಡು ಮ್ಯಾನ್‌ಹೋಲುಗಳ ತಳದ ನಡುವೆ 15 ಸೆಂಟಿಮೀಟರ್ ಇಳಿತ. ಅರ್ಧ ತುಂಬದ ಬಡಾವಣೆಯಲ್ಲಿ ಹರಿವೇ ಕಡಿಮೆ, ಹಾಗಾಗಿ ಇನ್ನೂ ಹೆಚ್ಚು ಇಳಿಜಾರು ಇದ್ದರೇ ಒಳ್ಳೆಯದು. ಸರ್ವೆಯರ್ ಒಬ್ಬರನ್ನು ಕರೆಸಿ, ಮೇಲಿನಿಂದಲೇ ಅಳತೆಗೋಲು (ಸ್ಟಾಫ್) ಇಳಿಸಿ ಮಟ್ಟ ತೆಗೆಸಿ. ಆ ಅಳತೆಯ ಹಾಳೆ ಕಾಮಗಾರಿ ದೋಷಕ್ಕೆ ನೇರ ಸಾಕ್ಷಿ, ರೇರಾ ದೂರಿಗೂ ಲಗತ್ತಿಸಬಹುದು.

ಮೂರನೆಯ ಸಾಧ್ಯತೆ, ಕೊನೆಯ ಮ್ಯಾನ್‌ಹೋಲಿನಿಂದ ಮುಂದೆ ಕೊಳವೆ ಎಲ್ಲಿಗೂ ಹೋಗಿಲ್ಲ. ಊರ ಹೊರಗಿನ ಬಡಾವಣೆಗಳಲ್ಲಿ ಇದು ಅಪರೂಪವಲ್ಲ. ಹೊರಗೆ ಮುಖ್ಯ ಕೊಳವೆ ಇಲ್ಲದ ಕಡೆ ಕೊಳಚೆ ಸಂಸ್ಕರಣೆಯ ವ್ಯವಸ್ಥೆ ಬಡಾವಣೆಯೊಳಗೇ ಇರಬೇಕು. ಅನುಮೋದನೆಯ ಷರತ್ತು ಪತ್ರದಲ್ಲಿ ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ಎಂದು ಬರೆದಿದೆಯೇ, ನಕ್ಷೆಯಲ್ಲಿ ಅದಕ್ಕೆ ಜಾಗ ತೋರಿಸಿದೆಯೇ ನೋಡಿ. ಜಾಗ ಇದ್ದು ಯಂತ್ರ ಇಲ್ಲದಿದ್ದರೆ ಪ್ರಾಧಿಕಾರಕ್ಕೆ ಕೊಡುವ ಅರ್ಜಿಯ ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಕೊಡಿ. ಕೆರೆಗೆ ಕೊಳಚೆ ಸೇರುವುದು 1974ರ ಜಲ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಕಟ್ಟಿದ ಕೊಳವೆ ಬಿಡಿಸಲು ಜೆಟ್ಟಿಂಗ್ ಯಂತ್ರವನ್ನೇ ತರಿಸಿ. ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬೇಡಿ, "ಒಂದೇ ನಿಮಿಷದ ಕೆಲಸ" ಎಂದು ಅವರೇ ಮುಂದೆ ಬಂದರೂ ಬೇಡ. ಒಳಗಿನ ಅನಿಲಕ್ಕೆ ಒಂದೇ ಉಸಿರು ಸಾಕು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಹಾಗೆ ಇಳಿಸುವುದು ಅಪರಾಧ, ಇಳಿಸಿದವರು ಸಂಘದ ಪದಾಧಿಕಾರಿಗಳಾದರೂ ಬಿಡುವುದಿಲ್ಲ.

ಹೊರವಲಯ ನಿವಾಸಿ:

ತುಂಬಾ ಧನ್ಯವಾದ. ಮೂಲ ಸರ್ವೆ ನಂಬರ್ ಹಾಕಿದ ಕೂಡಲೇ ಪರಿತ್ಯಾಜನಾ ಪತ್ರ ಸಿಕ್ಕಿತು, ಷೆಡ್ಯೂಲಿನಲ್ಲಿ ಪಾರ್ಕು ಸ್ಪಷ್ಟವಾಗಿದೆ. ಈಗ ಡೆವಲಪರ್ ಅಲ್ಲಿ ಕ್ಲಬ್‌ಹೌಸ್ ಕಟ್ಟಿ ಸದಸ್ಯತ್ವ ಕೊಡುವುದಾಗಿ ಹೇಳುತ್ತಿದ್ದಾರೆ, ಕೆಲವು ನಿವಾಸಿಗಳಿಗೂ ಅದು ಇಷ್ಟವಾಗಿದೆ. ಇನ್ನೊಂದು: ಈ ಭಾಗ ಮುಂದೆ ಪಟ್ಟಣಕ್ಕೋ ನಗರಕ್ಕೋ ಸೇರಿದರೆ ಈ ಕಾಗದಗಳೆಲ್ಲ ಏನಾಗುತ್ತವೆ?

ನಕ್ಷೆ ಮತ್ತು ಕಡತ:

ಬರೆದುಕೊಟ್ಟ ಮೇಲೆ ಆ ನೆಲ ಡೆವಲಪರದಲ್ಲ. ಕ್ಲಬ್‌ಹೌಸ್ ಕಟ್ಟಲು ಅವರಿಗೂ ಹಕ್ಕಿಲ್ಲ, ನಿವಾಸಿಗಳ ಬಹುಮತಕ್ಕೂ ಇಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆಸ್ಪತ್ರೆಯಂಥ ಉಪಯೋಗಕ್ಕೂ ಪಾರ್ಕು ಬಿಟ್ಟುಕೊಡುವಂತಿಲ್ಲ ಎಂದ ಮೇಲೆ ಕ್ಲಬ್ಬಿನ ಮಾತೇ ಇಲ್ಲ. ಆ ಪ್ರಕರಣ ನ್ಯಾಯಾಲಯಕ್ಕೆ ಒಯ್ದವರು ಅದೇ ಬಡಾವಣೆಯ ನಿವಾಸಿಗಳು ಎಂಬುದನ್ನು ನಿಮ್ಮವರಿಗೆ ಹೇಳಿ.

ಮಾಡಬೇಕಾದ್ದು: ಪತ್ರದ ದೃಢೀಕೃತ ನಕಲು ಲಗತ್ತಿಸಿ, ಪಾರ್ಕನ್ನು ಪಂಚಾಯಿತಿಯ ಆಸ್ತಿ ವಹಿಯಲ್ಲಿ ನಮೂದಿಸಿ ಬೇಲಿ ತೆರವು ಮಾಡಿಸಿ ಎಂದು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅರ್ಜಿ ಕೊಡಿ. ಪತ್ರ ಪ್ರಾಧಿಕಾರದ ಹೆಸರಿಗೆ ಆಗಿದ್ದರೆ ಅರ್ಜಿ ಅಲ್ಲಿಗೂ ಹೋಗಬೇಕು. ಸ್ವೀಕೃತಿ ಮುದ್ರೆ ಇಲ್ಲದೆ ಕಚೇರಿ ಬಿಡಬೇಡಿ. ಇದೇ ವಿಷಯವನ್ನು ವಾರ್ಡ್ ಸಭೆಯಲ್ಲಿ ಎತ್ತಿ, ಅಲ್ಲಿಂದ ಗ್ರಾಮ ಸಭೆಗೆ ತನ್ನಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಪ್ರತಿ ಕೇಳಿ. ಹೊಸ ಬಡಾವಣೆಯವರು ಗ್ರಾಮ ಸಭೆಗೆ ಹೋಗುವುದೇ ಇಲ್ಲ, ಆಮೇಲೆ ಪಂಚಾಯಿತಿಗೆ ನಮ್ಮ ನೆನಪಿಲ್ಲ ಎನ್ನುತ್ತಾರೆ. ಮತದಾರರ ಪಟ್ಟಿಯಲ್ಲಿ ಇಲ್ಲಿನ ವಿಳಾಸ ಇರುವ ಇಪ್ಪತ್ತು ಜನ ಬಂದರೂ ಸಾಕು. ಪಿಡಿಒ ಹಂತದಲ್ಲಿ ನಿಂತರೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ನಂತರ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ).

ವಿಲೀನದ ಬಗ್ಗೆ: ಸಾಮಾನ್ಯವಾಗಿ 10,000 ಜನಸಂಖ್ಯೆ ದಾಟಿದರೆ ಪಟ್ಟಣ ಪಂಚಾಯಿತಿ, 20,000 ದಾಟಿದರೆ ಪುರಸಭೆ, 50,000 ದಾಟಿದರೆ ನಗರಸಭೆ ಆಗುವ ಅವಕಾಶ 1964ರ ಪುರಸಭೆಗಳ ಕಾಯ್ದೆಯಲ್ಲಿದೆ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿ ಸೇರಿ ಬಿಬಿಎಂಪಿ ಆಯಿತು. 2025ರ ಸೆಪ್ಟೆಂಬರಿನಲ್ಲಿ ಅದೇ ಐದು ಪಾಲಿಕೆಗಳಾಯಿತು. ಹೀಗೆ ಸಂಸ್ಥೆ ಬದಲಾದಾಗ ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸಾಗುತ್ತದೆ, ಕಳೆದುಹೋಗುವುದು ಆಗಲೇ. ಫಾರಂ 9, 11ಎ, ಪ್ರತಿ ವರ್ಷದ ತೆರಿಗೆ ರಸೀದಿ, ಮನೆ ಕಟ್ಟಲು ಕೊಟ್ಟ ಪರವಾನಗಿ, ಅದರ ನಕ್ಷೆ, ಭೂಪರಿವರ್ತನೆ ಆದೇಶ ಇಷ್ಟನ್ನು ಈಗಲೇ ದೃಢೀಕರಿಸಿ ಇಟ್ಟುಕೊಳ್ಳಿ. ಹೊಸ ಸಂಸ್ಥೆಯಲ್ಲಿ ಖಾತೆ ತಾನಾಗಿ ಹುಟ್ಟುತ್ತದೆ ಎಂದು ಕೂರಬೇಡಿ, ಅರ್ಜಿ ಹಾಕಿ ಮಾಡಿಸಿಕೊಳ್ಳಬೇಕು. ಖಾತೆ ತೆರಿಗೆಯ ದಾಖಲೆ ಅಷ್ಟೇ, ಒಡೆತನಕ್ಕೆ ನಿಮ್ಮ ಕ್ರಯಪತ್ರವೇ ಆಧಾರ.

ಪಾರ್ಕಿನ ಪರಿತ್ಯಾಜನಾ ಪತ್ರದ ನಕಲನ್ನು ಒಬ್ಬರ ಮನೆಯಲ್ಲಿ ಮಾತ್ರ ಇಡಬೇಡಿ. ಸಂಘದ ಕಡತದಲ್ಲಿ ಒಂದು, ಪಂಚಾಯಿತಿಯ ಸ್ವೀಕೃತಿ ಮುದ್ರೆ ಬಿದ್ದ ಪ್ರತಿ ಇನ್ನೊಂದು.